ನಾನೂರ ಒಂಬತ್ತು ಓಟು, ಒಂದು ಕಾಂಪೌಂಡು ಗೋಡೆ

ಚುನಾವಣೆ ಘೋಷಣೆಯಾದೊಡನೆ ನಮ್ಮ ಪತ್ರಿಕೆಗಳೂ ಟಿ.ವಿ. ಚಾನೆಲ್ಲುಗಳೂ ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: ಈ ಸಲ ಮುಸ್ಲಿಮರ ಓಟು ಯಾರಿಗೆ? ಒಕ್ಕಲಿಗರ ಓಟು, ಲಿಂಗಾಯತರ ಓಟು, ಕುರುಬರ ಓಟು ಎಂದೂ ಕೇಳುತ್ತಾರೆ, ಇಲ್ಲವೆಂದಲ್ಲ. ಆದರೆ ಅಲ್ಲೆಲ್ಲ ಒಳಪಂಗಡ, ಮಠ, ಅಭ್ಯರ್ಥಿಯ ಊರು, ಹೇಮಾವತಿ ನೀರು, ಕೊಬ್ಬರಿ ಬೆಲೆ ಎಂದು ಹತ್ತು ಕಾರಣ ಹುಡುಕುವ ತಾಳ್ಮೆ ಇರುತ್ತದೆ. ನಮ್ಮ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರನ್ನೂ ಒಂದೇ ಮೂಟೆಗೆ ತುಂಬಿ ಬಾಯಿ ಹೊಲಿದುಬಿಡುತ್ತಾರೆ. ತುಮಕೂರಿನ ಹುಣಸೆಹಣ್ಣಿನ ಮಂಡಿಯಲ್ಲಾದರೂ ಮೂಟೆಗೆ ಕೈ ಹಾಕಿ ಒಳಗಿನ ಹಣ್ಣು ನೋಡಿ ಬೆಲೆ ಕಟ್ಟುತ್ತಾರೆ. ನಮ್ಮ ಮೂಟೆಗೆ ಆ ಗೌರವವೂ ಇಲ್ಲ.

ದೂರು ಹೊರಗಿನವರ ಮೇಲಷ್ಟೇ ಅಲ್ಲ. ಮೂಟೆ ಹೊಲಿಯುವ ದಬ್ಬಳ ನಮ್ಮೊಳಗಿನವರ ಕೈಯಲ್ಲೇ ಇದೆ. ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಲೆಕ್ಕ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಉತ್ತರದ ಈ ನಾಲ್ಕು ತಾಲೂಕುಗಳಲ್ಲಿ ನಾವು ಬಹುಸಂಖ್ಯಾತರಾಗಿರುವ ಕ್ಷೇತ್ರ ಒಂದೂ ಇಲ್ಲ. ಶಿರಾ ಪಟ್ಟಣದಲ್ಲಿ, ಮಧುಗಿರಿ ಪೇಟೆಯಲ್ಲಿ, ಪಾವಗಡದ ಕೆಲವು ಬೀದಿಗಳಲ್ಲಿ ಗುಂಪಾಗಿದ್ದೇವೆ. ಮಿಕ್ಕಂತೆ ಹಳ್ಳಿಗೆ ನಾಲ್ಕು ಮನೆ, ಹತ್ತು ಮನೆ. ಕೊರಟಗೆರೆ ಮತ್ತು ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. 2008ಕ್ಕೆ ಮುಂಚೆ ಮಧುಗಿರಿಯೂ ಮೀಸಲಾಗಿತ್ತು, ಜಿ. ಪರಮೇಶ್ವರ ಅವರು ಆಗ ಅಲ್ಲಿಂದಲೇ ಗೆಲ್ಲುತ್ತಿದ್ದರು. ‘ನಮ್ಮವನೊಬ್ಬ ಎಮ್ಮೆಲ್ಲೆ ಆಗಲಿ’ ಎಂಬ ಆಸೆ ಈ ಸೀಮೆಯಲ್ಲಿ ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ. ಆ ಆಸೆಯೇ ಇಲ್ಲದ ಕಡೆ ಓಟಿಗೆ ಏನು ಬಲ? ಬಲ ಇರುವುದು ಗೆಲುವಿನ ಅಂತರದಲ್ಲಿ.

2018ರಲ್ಲಿ ಪಾವಗಡದಲ್ಲಿ ಕಾಂಗ್ರೆಸ್ಸಿನ ವೆಂಕಟರಮಣಪ್ಪನವರು ಜನತಾದಳದ ಕೆ.ಎಂ. ತಿಮ್ಮರಾಯಪ್ಪನವರನ್ನು ಸೋಲಿಸಿದ್ದು 409 ಓಟುಗಳಿಂದ. ಇಬ್ಬರಿಗೂ ತಲಾ 72 ಸಾವಿರಕ್ಕಿಂತ ಹೆಚ್ಚು ಓಟು ಬಿದ್ದಿತ್ತು. ನಾನೂರ ಒಂಬತ್ತು ಎಂದರೆ ಅರ್ಧ ಮತಗಟ್ಟೆ. ಒಂದು ಬೀದಿಯ ಹೆಂಗಸರು ಬಿಸಿಲಿಗೆ ಹೆದರಿ ಮನೆಯಲ್ಲೇ ಉಳಿದಿದ್ದರೆ, ಬೆಂಗಳೂರಿನ ಗ್ಯಾರೇಜುಗಳಿಂದ ರಾತ್ರಿ ಬಸ್ಸು ಹತ್ತಿ ಬಂದ ಹುಡುಗರು ಬಾರದೇ ಇದ್ದಿದ್ದರೆ, ಪಾವಗಡಕ್ಕೆ ಬೇರೆ ಶಾಸಕರು ಬರುತ್ತಿದ್ದರು. ಹಾಗೆಂದು ಆ 409 ನಮ್ಮವೇ ಎಂದು ಎದೆ ತಟ್ಟಿಕೊಳ್ಳುವುದು ಪುಡಾರಿತನ. ಮಾದಿಗರು, ಹೊಲೆಯರು, ನಾಯಕರು, ಗೊಲ್ಲರು, ಒಕ್ಕಲಿಗರು ಎಲ್ಲರೂ ಅದನ್ನೇ ಹೇಳಬಹುದು, ಹೇಳಿದರೆ ಸರಿಯೇ. ಅಷ್ಟು ಕಡಿಮೆ ಅಂತರವಿದ್ದಾಗ ಎಲ್ಲರ ಓಟೂ ಕೊನೆಯ ಓಟೇ.

ಈ ನಾಲ್ಕು ಕ್ಷೇತ್ರಗಳ ಹತ್ತು ವರ್ಷದ ಜಾತಕ ನೋಡಿ. 2013ರಲ್ಲಿ ಶಿರಾ ಮತ್ತು ಮಧುಗಿರಿ ಕಾಂಗ್ರೆಸ್ಸಿಗೆ, ಕೊರಟಗೆರೆ ಮತ್ತು ಪಾವಗಡ ಜನತಾದಳಕ್ಕೆ. 2018ರಲ್ಲಿ ಸರಿಯಾಗಿ ಉಲ್ಟಾ: ಶಿರಾ, ಮಧುಗಿರಿ ದಳಕ್ಕೆ, ಕೊರಟಗೆರೆ, ಪಾವಗಡ ಕಾಂಗ್ರೆಸ್ಸಿಗೆ. ನಾಲ್ಕಕ್ಕೆ ನಾಲ್ಕೂ ಮಗ್ಗುಲು ಬದಲಿಸಿದವು. 2023ರಲ್ಲಿ ನಾಲ್ಕೂ ಕಾಂಗ್ರೆಸ್ಸಿಗೆ: ಶಿರಾದಲ್ಲಿ ಟಿ.ಬಿ. ಜಯಚಂದ್ರ, ಮಧುಗಿರಿಯಲ್ಲಿ ಕೆ.ಎನ್. ರಾಜಣ್ಣ, ಕೊರಟಗೆರೆಯಲ್ಲಿ ಪರಮೇಶ್ವರ, ಪಾವಗಡದಲ್ಲಿ ಎಚ್.ವಿ. ವೆಂಕಟೇಶ್. ಇವು ಯಾರ ಜೇಬಿನಲ್ಲೂ ಕೂರುವ ಕ್ಷೇತ್ರಗಳಲ್ಲ.

ಇವು ಬರೀ ತಾಲೂಕು ಮಟ್ಟದ ಗದ್ದಲವೂ ಅಲ್ಲ. 2008ರಲ್ಲಿ ಬಿ.ಜೆ.ಪಿ. 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆಯಾದಾಗ ಕೈ ಹಿಡಿದ ಪಕ್ಷೇತರರಲ್ಲಿ ಪಾವಗಡದಿಂದ ಗೆದ್ದ ಇದೇ ವೆಂಕಟರಮಣಪ್ಪ ಒಬ್ಬರು. ಆ ಸರಕಾರದಲ್ಲಿ ಮಂತ್ರಿಯಾದರು. 2010ರಲ್ಲಿ ಅದೇ ಸರಕಾರ ಅಲುಗಾಡಿದಾಗ ಅನರ್ಹಗೊಂಡ ಐವರು ಪಕ್ಷೇತರರಲ್ಲೂ ಇದ್ದರು. ಆ ಅನರ್ಹತೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. 2013ರಲ್ಲಿ ಕಾಂಗ್ರೆಸ್ಸು ರಾಜ್ಯವನ್ನೇ ಗೆದ್ದಿತು, ಅದರ ರಾಜ್ಯಾಧ್ಯಕ್ಷ ಪರಮೇಶ್ವರ ಮಾತ್ರ ಕೊರಟಗೆರೆಯಲ್ಲಿ ದಳದ ಸುಧಾಕರ ಲಾಲ್ ಎದುರು ಸೋತರು. ಮುಖ್ಯಮಂತ್ರಿ ಪಟ್ಟದ ಕತೆ ಅಲ್ಲಿಗೆ ಬೇರೆ ದಾರಿ ಹಿಡಿಯಿತು. ಕೊರಟಗೆರೆಯ ಸಂತೆಯಲ್ಲಿ ಸೊಪ್ಪು ಕೊಳ್ಳುವವರು ಯಾರೂ ಅಂದು ವಿಧಾನಸೌಧದ ಲೆಕ್ಕ ಹಾಕಿ ಓಟು ಹಾಕಿರಲಿಕ್ಕಿಲ್ಲ. ಆದರೆ ಲೆಕ್ಕ ಅಲ್ಲೇ ಬದಲಾಯಿತು.

ಇನ್ನು ಶಿರಾದ ಉಪಚುನಾವಣೆ. 2020ರ ನವೆಂಬರ್, ಕೊರೋನಾ ಕಾಲ. ಅದೇ ದಿನ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ನೂರಕ್ಕೆ 45ರ ಆಸುಪಾಸಿನಲ್ಲಿ ಮತದಾನವಾದರೆ ಶಿರಾದಲ್ಲಿ 80 ದಾಟಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜನ ಸಾಲು ನಿಂತರು. ಬಿ.ಜೆ.ಪಿ.ಯ ರಾಜೇಶ್ ಗೌಡರು 13 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಸೋತ ಕಾಂಗ್ರೆಸ್ ಮತ್ತು ದಳದ ಓಟುಗಳನ್ನು ಕೂಡಿಸಿದರೆ ಗೆದ್ದವರಿಗಿಂತ ಎಷ್ಟೋ ಹೆಚ್ಚು. ಜನ ಬಂದರೆ ಸಾಕು, ಗೆಲುವು ತಾನೇ ಬರುತ್ತದೆ ಎನ್ನುವವರು ಈ ಫಲಿತಾಂಶ ನೋಡಬೇಕು. ಎರಡೂವರೆ ವರ್ಷದ ಮೇಲೆ ಅದೇ ಜನ ಅದೇ ಸಾಲಿನಲ್ಲಿ ನಿಂತು ಬೇರೆ ಫಲಿತಾಂಶ ಕೊಟ್ಟರು.

ಈಗ ಮೂಟೆ ಹೊಲಿಯುವವರ ಮಾತು.

ಪ್ರತಿ ಚುನಾವಣೆಯ ಮುನ್ನಾದಿನಗಳಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಒಂದು ವರ್ಗ ಎಚ್ಚರವಾಗುತ್ತದೆ. ಐದು ವರ್ಷ ಎಲ್ಲಿದ್ದರೋ ತಿಳಿಯದು. ಬಿಳಿ ಬಟ್ಟೆಗೆ ಇಸ್ತ್ರಿ ಬೀಳುತ್ತದೆ. ಅಭ್ಯರ್ಥಿಯ ಮನೆಗೆ ಹೋಗಿ ‘ನಮ್ಮದು ಇಷ್ಟು ಸಾವಿರ ಓಟಿದೆ ಸಾರ್, ಒಂದೂ ಆಚೀಚೆ ಆಗಲ್ಲ’ ಎಂದು ಮಾತು ಕೊಟ್ಟು ಬರುತ್ತಾರೆ. ಯಾರನ್ನು ಕೇಳಿ ಕೊಟ್ಟರು? ಆ ಸಾವಿರದಲ್ಲಿ ಅರ್ಧದಷ್ಟು ಹೆಂಗಸರು, ಅವರನ್ನು ಯಾವ ಜಮಾತಿನ ಸಭೆಗೂ ಕರೆದಿರುವುದಿಲ್ಲ. ಗಾರೆ ಕೆಲಸದ, ಹಣ್ಣಿನ ಗಾಡಿಯ ಹುಡುಗರಿಗೆ ಸಭೆಯ ಹೊತ್ತಿಗೆ ಬಿಡುವಿರುವುದಿಲ್ಲ. ಹತ್ತು ಜನ ಕೂತು ಚಹಾ ಕುಡಿದು ತೀರ್ಮಾನಿಸಿದ್ದು ‘ಮುಸ್ಲಿಮರ ತೀರ್ಮಾನ’ ಎಂದು ಮಾರನೇ ದಿನ ಊರೆಲ್ಲ ಓಡಾಡುತ್ತದೆ.

ಇದಕ್ಕೆ ಪ್ರತಿಯಾಗಿ ಕೇಳುವುದೇನು? ಖಬರಸ್ತಾನಕ್ಕೊಂದು ಕಾಂಪೌಂಡು. ಅದಾಗಿದ್ದರೆ ಈದ್ಗಾಕ್ಕೊಂದು ಕಾಂಪೌಂಡು. ಎರಡೂ ಆಗಿದ್ದರೆ ಶಾದಿ ಮಹಲಿನ ಮೇಲೊಂದು ಅಂತಸ್ತು. ಖಬರಸ್ತಾನಕ್ಕೆ ಗೋಡೆ ಬೇಡ ಎನ್ನುತ್ತಿಲ್ಲ, ಒತ್ತುವರಿ ಎಂಬುದು ಸುಳ್ಳಲ್ಲ, ಸರಕಾರದ ಯೋಜನೆಯೂ ಇದೆ. ಆದರೆ ಯೋಜನೆಯಲ್ಲಿ ಇರುವುದನ್ನು ಒಂದು ಅರ್ಜಿ ಬರೆದು ಪಡೆಯಬಹುದಲ್ಲ! ಅದಕ್ಕೆ ಐದು ವರ್ಷಕ್ಕೊಮ್ಮೆ ಸಿಗುವ ಓಟನ್ನು ಅಡವಿಡಬೇಕೆ? ಸತ್ತವರಿಗೆ ಭದ್ರವಾದ ಗೋಡೆ ಕಟ್ಟಿಸಿಕೊಟ್ಟ ನಮ್ಮ ಹಿರಿಯರು ಬದುಕಿರುವ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಆದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಯಾವ ಅಭ್ಯರ್ಥಿಯನ್ನು ಕೇಳಿದರು? ಉರ್ದು ಶಾಲೆಯಲ್ಲಿ ಕಲಿತು ಕನ್ನಡಕ್ಕೆ ಬಂದವನು ನಾನು. ಉರ್ದು ಶಾಲೆಯ ಮಗುವಿಗೆ ಒಬ್ಬ ಒಳ್ಳೆಯ ಕನ್ನಡ ಮೇಷ್ಟ್ರು ಸಿಗುವುದು ಏನನ್ನು ಬದಲಿಸುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದ್ದರೆ ಯಾವ ಮುಖಂಡರ ಚೀಟಿಯಲ್ಲೂ ಅದು ಇರುವುದಿಲ್ಲ. 2022ರಲ್ಲಿ ಕೇಂದ್ರ ಸರಕಾರ ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನ ನಿಲ್ಲಿಸಿತು. ನಮ್ಮ ಬೀದಿಗಳಲ್ಲಿ ಎಷ್ಟು ಸಭೆ ನಡೆದವು? ಗೋಡೆಯ ಗುದ್ದಲಿ ಪೂಜೆಗೆ ಬಂದಷ್ಟು ಜನ ಬಂದರೆ?

ಪಾವಗಡದ ಮಾತನ್ನೇ ತೆಗೆದುಕೊಳ್ಳಿ. ಮೂರು ಕಡೆ ಆಂಧ್ರ ಸುತ್ತುವರಿದ, ದಖನಿಯಲ್ಲೂ ತೆಲುಗು ಬೆರೆತ ತಾಲೂಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಹಲ್ಲು ಕಂದುಗಟ್ಟಿದ ಮಕ್ಕಳು, ಬೆನ್ನು ಬಾಗಿದ ಹಿರಿಯರು. ಅದೇ ತಾಲೂಕಿನ ತಿರುಮಣಿಯ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿತು. ಜಮೀನಿದ್ದವರಿಗೆ ಎಕರೆಗೆ ಇಷ್ಟೆಂದು ಗುತ್ತಿಗೆ ಹಣ ಬಂತು. ಜಮೀನಿಲ್ಲದ, ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬಂತು? ಆ ಕೂಲಿಗಳಲ್ಲಿ ದಲಿತರಿದ್ದಾರೆ, ನಮ್ಮವರೂ ಇದ್ದಾರೆ. ಫ್ಲೋರೈಡಿಗೆ ಜಾತಿ ಗೊತ್ತಿಲ್ಲ. 409ರ ಅಂತರದಲ್ಲಿ ಗೆದ್ದವರ ಮುಂದೆ ಈ ಪ್ರಶ್ನೆಗಳನ್ನು ದಲಿತ ಕೇರಿಯವರೂ ಮೊಹಲ್ಲಾದವರೂ ಒಟ್ಟಿಗೆ ಇಟ್ಟಿದ್ದರೆ ಅದರ ತೂಕ ಬೇರೆ ಇರುತ್ತಿತ್ತು. ಅದಕ್ಕೇ ಮೀಸಲು ಕ್ಷೇತ್ರದಿಂದ ನಮಗೆ ನಷ್ಟ ಎಂಬ ಗೊಣಗಾಟ ನನಗೆ ಒಪ್ಪಿಗೆಯಿಲ್ಲ. ಸಾಚಾರ್ ಸಮಿತಿ 2006ರ ವರದಿಯಲ್ಲಿ ಉತ್ತರದ ಕೆಲವು ರಾಜ್ಯಗಳ ಮೀಸಲು ಕ್ಷೇತ್ರಗಳ ಬಗ್ಗೆ ಎತ್ತಿದ ಪ್ರಶ್ನೆಗೆ ಅದರದೇ ಕಾರಣವಿದೆ, ಅದನ್ನು ತಂದು ಇಲ್ಲಿಗೆ ಅಂಟಿಸಬಾರದು. ಮೀಸಲು ಕ್ಷೇತ್ರದ ಅಭ್ಯರ್ಥಿ ತನ್ನ ಜಾತಿಯ ಓಟಿನಿಂದಷ್ಟೇ ಗೆಲ್ಲಲಾರ. ನಮ್ಮ ಬಾಗಿಲಿಗೆ ಬರಲೇಬೇಕು.

ಬಂದಾಗ ಏನಾಗುತ್ತದೆ ಎಂಬುದು ಪ್ರಶ್ನೆ. 2018ರವರೆಗೆ ಈ ಸೀಮೆಯಲ್ಲಿ ಇಬ್ಬರು ಬರುತ್ತಿದ್ದರು. ಕಾಂಗ್ರೆಸ್ಸಿನವರು ಬಂದು ಹೋದ ಮೇಲೆ ದಳದವರು ಬರುತ್ತಿದ್ದರು. 2ಬಿ ಮೀಸಲಾತಿ ಜಾರಿಗೆ ಬಂದದ್ದು ದೇವೇಗೌಡರ ಕಾಲದಲ್ಲಿ ಎಂಬ ಋಣ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿತ್ತು. ಗಂಡ ದಳ, ಹೆಂಡತಿ ಕಾಂಗ್ರೆಸ್ಸು ಎಂಬ ಮನೆಗಳನ್ನು ನಾನೇ ಕಂಡಿದ್ದೇನೆ. ಮೂಟೆ ಎನ್ನುವವರು ಅಂಥ ಮನೆಯ ಚಹಾ ಕುಡಿದವರಲ್ಲ. 2023ರ ಮಾರ್ಚಿನಲ್ಲಿ ಬೊಮ್ಮಾಯಿ ಸರಕಾರ ಅದೇ ನೂರಕ್ಕೆ 4ರ ಮೀಸಲಾತಿಯನ್ನು ಕಿತ್ತು ಎರಡೆರಡಾಗಿ ಬೇರೆಯವರಿಗೆ ಹಂಚಿತು. ಸುಪ್ರೀಂ ಕೋರ್ಟಿನಲ್ಲಿ ಅದು ಜಾರಿಯಾಗದೆ ನಿಂತಿತು. ಅದಕ್ಕೆ ಹಿಂದಿನ ವರ್ಷ ತರಗತಿಯ ಬಾಗಿಲಲ್ಲಿ ಹೆಣ್ಣುಮಕ್ಕಳ ತಲೆವಸ್ತ್ರದ ರಾದ್ಧಾಂತ. ಇಷ್ಟಾದ ಮೇಲೆ ನಡೆದ ಚುನಾವಣೆಯಲ್ಲಿ ದಳ ಇಪ್ಪತ್ತಕ್ಕೂ ಹೆಚ್ಚು ಮುಸ್ಲಿಂ ಅಭ್ಯರ್ಥಿಗಳನ್ನು ನಿಲ್ಲಿಸಿತು, ಒಬ್ಬರೂ ಗೆಲ್ಲಲಿಲ್ಲ. ಗೆದ್ದ ಒಂಬತ್ತೂ ಮುಸ್ಲಿಂ ಶಾಸಕರು ಕಾಂಗ್ರೆಸ್ಸಿನವರು. ನಮ್ಮವನೆಂಬ ಕಾರಣಕ್ಕೇ ಕಣ್ಣು ಮುಚ್ಚಿ ಓಟು ಹಾಕುವ ಜನ ಇವರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕೆಲವೇ ತಿಂಗಳಲ್ಲಿ, 2023ರ ಸೆಪ್ಟೆಂಬರಿನಲ್ಲಿ, ದಳ ಬಿ.ಜೆ.ಪಿ.ಯ ಕೂಟ ಸೇರಿತು. ಇಬ್ಬರು ಬರುತ್ತಿದ್ದ ಬಾಗಿಲಿಗೆ ಈಗ ಒಬ್ಬರೇ. ಅವರೂ ಬರುವ ಅಗತ್ಯವಿಲ್ಲ, ಎಲ್ಲಿಗೆ ಹೋಗುತ್ತಾರೆ ಬಿಡು ಎಂಬ ಧೈರ್ಯ ಅವರಿಗೆ.

2011ರ ಜನಗಣತಿಯಂತೆ ರಾಜ್ಯದಲ್ಲಿ ನಾವು ನೂರಕ್ಕೆ 12.92. ಜನಸಂಖ್ಯೆಯ ಪ್ರಮಾಣದಲ್ಲಿ ಹಂಚಿದರೆ 224ರಲ್ಲಿ 29 ಸ್ಥಾನ ಆಗಬೇಕು. ಇಲ್ಲಿಯವರೆಗಿನ ಅತಿ ಹೆಚ್ಚು 1978ರ 16. ಓಟು ಒಬ್ಬರಿಗೇ ಹೋದಷ್ಟೂ ಕೇಳುವ ಬಾಯಿ ಸಣ್ಣದಾಗುತ್ತಿದೆ.

ಹೊರಗೆ ಇದೇ ಕತೆ ಬೇರೆ ವೇಷದಲ್ಲಿ ನಡೆದಿದೆ. ಅಮೆರಿಕಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮೂಲದವರನ್ನು ಹಿಸ್ಪಾನಿಕರು ಎನ್ನುತ್ತಾರೆ. ಅವರ ಓಟನ್ನು ಅಲ್ಲಿನ ಪಂಡಿತರು ದಶಕಗಟ್ಟಲೆ ‘ಮಲಗಿರುವ ದೈತ್ಯ’ ಎಂದು ಕರೆದರು. ಕಾರಣವಿತ್ತು. 2014ರ ಮಧ್ಯಂತರ ಚುನಾವಣೆಯಲ್ಲಿ ಅವರ ಅರ್ಹ ಮತದಾರರಲ್ಲಿ ಓಟು ಹಾಕಿದವರು ನೂರಕ್ಕೆ 27. 2018ರಲ್ಲಿ ಅದು 40ಕ್ಕೆ ಏರಿತು. ಇದಕ್ಕೂ ಮುಂಚೆ 1974ರಲ್ಲೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ವಿಲ್ಲಿ ವೆಲಾಸ್ಕೆಜ್ ಎಂಬಾತ ಮತದಾರರ ನೋಂದಣಿಗೆಂದೇ ಒಂದು ಸಂಸ್ಥೆ ಕಟ್ಟಿ ಬೀದಿ ಬೀದಿ ಅಲೆದ. ಭಾಷಣಕ್ಕಿಂತ ಮೊದಲು ಪಟ್ಟಿಯಲ್ಲಿ ಹೆಸರು ಎಂಬುದು ಅವನ ಹಟ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆ ನಿಲ್ಲಿಸುವ ಕಾನೂನನ್ನು ಜನಮತಕ್ಕೆ ಹಾಕಿ ಗೆಲ್ಲಿಸಿದರು. ಕೋರ್ಟು ಅದನ್ನು ತಡೆಯಿತು. ಆದರೆ ಅದರ ಗಾಯದಿಂದ ಲಕ್ಷಗಟ್ಟಲೆ ಜನ ಪೌರತ್ವ ಪಡೆದು ಹೆಸರು ಬರೆಸಿದರು, ಮುಂದೆ ಆ ರಾಜ್ಯದ ರಾಜಕೀಯವೇ ಹೊರಳಿತು. ಕತೆ ಇಲ್ಲಿಗೇ ಮುಗಿದಿದ್ದರೆ ಭಾಷಣಕ್ಕೆ ಚೆನ್ನಾಗಿತ್ತು. 2024ರಲ್ಲಿ ಟೆಕ್ಸಾಸಿನ ಗಡಿಯ ಸ್ಟಾರ್ ಕೌಂಟಿ, ಹೆಚ್ಚೂಕಡಿಮೆ ಪೂರ್ತಿ ಹಿಸ್ಪಾನಿಕರೇ ಇರುವ ಜಾಗ, ನೂರು ವರ್ಷಕ್ಕೂ ಹೆಚ್ಚು ಕಾಲ ಡೆಮಾಕ್ರಟರ ಕೈಯಲ್ಲಿದ್ದದ್ದು, ಟ್ರಂಪರಿಗೆ ಓಟು ಹಾಕಿತು. ಅದು ಒಳ್ಳೆಯದೋ ಕೆಟ್ಟದ್ದೋ ಅವರ ಪಾಡು. ಅಲ್ಲಿನ ಎರಡು ಪಕ್ಷಗಳೂ ಈಗ ಅವರ ಬಾಗಿಲಿಗೆ ಬರುತ್ತವೆ, ಅಷ್ಟು ಮಾತ್ರ ನಿಜ. ನಮ್ಮಲ್ಲಿ ಒಂದು ಪಕ್ಷ ನಮಗೆ ಟಿಕೆಟ್ಟೇ ಕೊಡುವುದಿಲ್ಲ, ಇನ್ನೊಂದಕ್ಕೆ ಬಾಗಿಲು ತಟ್ಟುವ ಅಗತ್ಯ ಕಾಣುತ್ತಿಲ್ಲ.

‘ಹಾಗಿದ್ದರೆ ಓಟು ಹಾಕಿ ಏನು ಫಾಯ್ದೆ ಮಿಯಾ?’ ಎಂದು ಮಧುಗಿರಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ‘ಚಾಚಾ, ಓಟು ಹಾಕದಿದ್ದರೆ ಏನು ಫಾಯ್ದೆ ಹೇಳಿ’ ಎಂದೆ. ‘ಬೆರಳಿಗೆ ಮಸಿ ಆಗಲ್ಲ’ ಎಂದರು. ನಗು ಬಂತು, ಆದರೆ ಇದು ನಗುವ ಮಾತಲ್ಲ. ಬೇಸತ್ತು ಮನೆಯಲ್ಲಿ ಕೂತವರ ಹೆಸರು ಮೊದಲು ಜಾರುವುದು ಪಟ್ಟಿಯಿಂದ.

ಪಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅರ್ಥಶಾಸ್ತ್ರಜ್ಞ ಅಬೂಸಾಲೇಹ್ ಶರೀಫ್, ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದವರು, 2018ರಲ್ಲೇ ಕರ್ನಾಟಕದ ಪಟ್ಟಿಯಿಂದ ಲಕ್ಷಗಟ್ಟಲೆ ಮುಸ್ಲಿಂ ಹೆಸರು ಬಿಟ್ಟುಹೋಗಿವೆ ಎಂದು ಎಚ್ಚರಿಸಿದ್ದರು. ಮುಂದೆ ಕಂಡದ್ದು ಇನ್ನೂ ನೇರ. 2023ರ ಚುನಾವಣೆಗೆ ಮುನ್ನ ಕಲಬುರ್ಗಿಯ ಆಳಂದದಲ್ಲಿ 6,018 ಹೆಸರು ತೆಗೆಯಲು ನಮೂನೆ 7ರ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾದವು 24. ಬಿ.ಎಲ್.ಓ. ಒಬ್ಬರ ಸಂಬಂಧಿಕರ ಹೆಸರೇ ಅದರಲ್ಲಿ ಸಿಕ್ಕಿದ್ದರಿಂದ ಸಂಗತಿ ಬಯಲಾಯಿತು. ಹಾಗೆ ಸಿಗದಿದ್ದರೆ? 2025ರ ಆಗಸ್ಟಿನಲ್ಲಿ ಮಹದೇವಪುರದ ಪಟ್ಟಿಯ ಬಗ್ಗೆ ರಾಹುಲ್ ಗಾಂಧಿ ದೊಡ್ಡ ಆರೋಪ ಹೊರಿಸಿದರು, ಚುನಾವಣಾ ಆಯೋಗ ಅದನ್ನು ಒಪ್ಪಲಿಲ್ಲ. ಆ ಪಟ್ಟಿ ತಯಾರಾದಾಗ ನಮ್ಮದೇ ಸರಕಾರವಿತ್ತಲ್ಲ, ಆಗ ಯಾಕೆ ನೋಡಲಿಲ್ಲ ಎಂಬರ್ಥದ ಮಾತಾಡಿದ ಮಧುಗಿರಿಯ ರಾಜಣ್ಣನವರು ಮಂತ್ರಿ ಪದವಿ ಕಳೆದುಕೊಂಡರು. ಅವರ ರಾಜಕೀಯ ಬೇರೆ ಮಾತು. ಕೇಳಿದ ಪ್ರಶ್ನೆ ಮಾತ್ರ ಎಲ್ಲ ಪಕ್ಷದ ಬೂತ್ ಏಜೆಂಟರಿಗೂ ಕೇಳಬೇಕಾದದ್ದು.

ನಮ್ಮ ಹೆಸರುಗಳ ಸಂಕಟ ಕನ್ನಡ ಮತ್ತು ಉರ್ದು ಎರಡೂ ಬಲ್ಲವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಖೈರುನ್ನಿಸಾ ಎಂಬ ಹೆಣ್ಣುಮಗಳು ರೇಷನ್ ಕಾರ್ಡಿನಲ್ಲಿ ಕೈರುನ್ ಬಿ, ಆಧಾರಿನಲ್ಲಿ ಖೈರುನಿಸ, ಮತದಾರರ ಪಟ್ಟಿಯಲ್ಲಿ ಕರುನ್ನೀಸ. ಅವಳ ಅಪ್ಪ ಒಂದು ಕಡೆ ಮೊಹಮ್ಮದ್ ಗೌಸ್, ಇನ್ನೊಂದು ಕಡೆ ಎಂ.ಡಿ. ಗೌಸ್, ಮತ್ತೊಂದು ಕಡೆ ಬರೀ ಗೌಸ್‌ಪೀರ್. ಮದುವೆಗೆ ಮುಂಚೆ ಬಾನು, ಆಮೇಲೆ ಬೇಗಂ, ಮುದುಕಿಯಾದಾಗ ಬೀ. ಮನೆಯಲ್ಲಿ ಇದೆಲ್ಲ ಒಂದೇ ಹೆಸರು, ಸರಕಾರಕ್ಕೆ ಮೂವರು ಹೆಂಗಸರು. ಇಲ್ಲಿಯವರೆಗೆ ಇದು ತಮಾಷೆಯಾಗಿತ್ತು, ನನ್ನ ಕತೆಗಳಲ್ಲೂ ಬಂದುಹೋಗಿದೆ. ಈಗ ತಮಾಷೆಯಲ್ಲ. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಹೊರಬಿದ್ದವು. ಪಶ್ಚಿಮ ಬಂಗಾಳದಲ್ಲಿ ಹಳೆಯ ಪಟ್ಟಿಯ ತಂದೆಯ ಹೆಸರಿಗೂ ಹೊಸದಕ್ಕೂ ಅಕ್ಷರ ಹೊಂದಲಿಲ್ಲ ಎಂಬಂಥ ಕಾರಣಕ್ಕೆ ಲಕ್ಷಾಂತರ ಜನರಿಗೆ ನೋಟಿಸು ಹೋಯಿತು. ಎಲ್ಲ ಮತದವರಿಗೂ ಹೋಯಿತು, ನಮ್ಮವರಿಗೆ ಮಾತ್ರ ಅಲ್ಲ. ಆದರೆ ಮೂರು ಲಿಪಿ ದಾಟಿ ಬರುವ ಹೆಸರು ಇರುವವರಿಗೆ ಅಪಾಯ ಹೆಚ್ಚು ಎಂಬುದಕ್ಕೆ ಪಂಡಿತರು ಬೇಕಿಲ್ಲ.

ಎರಡನೆಯದು ಮದುವೆ. ಶಿರಾದ ಹುಡುಗಿ ಹಿಂದೂಪುರಕ್ಕೋ ಗೌರಿಬಿದನೂರಿಗೋ ಸೊಸೆಯಾಗಿ ಹೋಗುತ್ತಾಳೆ. ತವರಿನ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಗಂಡನ ಮನೆಯಲ್ಲಿ ಸೇರಿಸುವುದಿಲ್ಲ. ಅವಳೂ ಕೇಳುವುದಿಲ್ಲ, ಕೇಳಬೇಕೆಂದು ಯಾರೂ ಹೇಳಿರುವುದಿಲ್ಲ. ಮೂರನೆಯದು ದುಡಿಮೆ. ಬೆಂಗಳೂರಿಗೆ ವೆಲ್ಡಿಂಗಿಗೆ, ಸೆಂಟ್ರಿಂಗಿಗೆ ಹೋದವನ ಮನೆಗೆ ಬಿ.ಎಲ್.ಓ. ಬಂದಾಗ ಬಾಗಿಲಿಗೆ ಬೀಗ. ‘ಸ್ಥಳಾಂತರ’ ಎಂದು ಬರೆದುಕೊಂಡು ಹೋಗುತ್ತಾರೆ. ಬಿ.ಎಲ್.ಓ. ಎಂದರೆ ಅಂಗನವಾಡಿಯ ಅಕ್ಕನೋ ಶಾಲೆಯ ಮೇಷ್ಟ್ರೋ, ಅವರನ್ನು ಬೈದು ಪ್ರಯೋಜನವಿಲ್ಲ.

ಮತಗಟ್ಟೆಯ ಗುಟ್ಟಿನ ಬಗ್ಗೆಯೂ ಒಂದು ಮಾತು. ಓಟು ಗೋಪ್ಯ ಎನ್ನುತ್ತೇವೆ. ಕಾಗದದ ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸುತ್ತಿದ್ದರು, ಯಾವ ಬೀದಿ ಯಾರಿಗೆ ಎಂದು ತಿಳಿಯುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಬೂತುವಾರು ಲೆಕ್ಕ ಬಯಲು. ಬೆರೆಸಿ ಎಣಿಸುವ ‘ಟೋಟಲೈಸರ್’ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಬೇಕೆಂದಿತು, ಕೇಂದ್ರ ಸರಕಾರ ಒಪ್ಪಲಿಲ್ಲ. ಮತಗಟ್ಟೆಗೆ ಮತವಿಲ್ಲ, ಮತದಾನದಲ್ಲಿ ಧರ್ಮದ ಕಾಲಂ ಇಲ್ಲ. ಆದರೂ ಶಾದಿ ಮಹಲಿನ ಪಕ್ಕದ ಬೂತು ಯಾರದೆಂದು ಊರಿಗೆಲ್ಲ ಗೊತ್ತು. ಗೆದ್ದವರು ‘ನಿಮ್ಮ ಬೂತಿನಲ್ಲಿ ನಮಗೆ ಬಿದ್ದಿಲ್ಲ’ ಎಂದು ನಲ್ಲಿ ನೀರಿನ ಅರ್ಜಿಯನ್ನು ಪಕ್ಕಕ್ಕಿಡಬಹುದು. ಮೂಟೆ ಹೊಲಿಯುವವರಿಗೂ ಇದು ಅನುಕೂಲ, ಮಾತಿನಂತೆ ಸರಕು ತಲುಪಿಸಿದೆವೆಂದು ಕಾಗದ ತೋರಿಸಬಹುದು. ಹಿಂದೂ ಮುಸ್ಲಿಂ ಎನ್ನದೆ ಎಲ್ಲ ಬಡ ಬೀದಿಗಳೂ ಕೇಳಬೇಕಾದ ಸುಧಾರಣೆ ಇದು. ಒಬ್ಬ ಮುಖಂಡರ ಬಾಯಲ್ಲೂ ನಾನು ಕೇಳಿಲ್ಲ.

ಶಿರಾದವರಿಗೆ ಸುಬೇದಾರಿಯ ನೆನಪು ಬಹಳ. 1687ರಿಂದ ಮೊಗಲರ ಪ್ರಾಂತ್ಯದ ರಾಜಧಾನಿ ನಮ್ಮೂರು, ಮಲಿಕ್ ರಿಹಾನ್, ದಿಲಾವರ್ ಖಾನ್ ಎಂದು ಶುರು ಮಾಡಿದರೆ ಇಶಾ ನಮಾಜಿನ ಹೊತ್ತಾದರೂ ಮುಗಿಯುವುದಿಲ್ಲ. ಇರಲಿ, ಕೇಳಲು ಸೊಗಸಾಗಿಯೇ ಇರುತ್ತದೆ. ಆದರೆ ಸುಬೇದಾರರ ಕಾಲದಲ್ಲಿ ಯಾರೂ ನಮ್ಮನ್ನು ಕೇಳಿ ಸುಬೇದಾರರಾಗಲಿಲ್ಲ. ಕೇಳುವ ಹಕ್ಕು ಬಂದದ್ದು 1950ರ ಸಂವಿಧಾನದಿಂದ, ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ಬರೆಸಿಕೊಟ್ಟದ್ದು. ಖೈರುನ್ನಿಸಾಳ ಓಟಿಗೂ ಅಭ್ಯರ್ಥಿಯ ಓಟಿಗೂ ಒಂದೇ ತೂಕ ಎಂದು ಬರೆದ ಪುಸ್ತಕ ಅದು.

ಮೊಹಲ್ಲಾದ ಕಮಿಟಿಗಳಿಗೆ ನಾನು ಹೇಳುವುದು ಇಷ್ಟೇ. ಯಾರಿಗೆ ಓಟು ಎಂಬ ಸಭೆ ನಿಲ್ಲಿಸಿ, ಅದು ನಿಮ್ಮ ಕೆಲಸವಲ್ಲ. ಪಟ್ಟಿಯ ಸಭೆ ಕರೆಯಿರಿ. ಜುಮ್ಮಾದ ದಿನ ಮಸೀದಿಯ ಹೊರಗೆ ಒಂದು ಮೇಜು ಹಾಕಿ, ಮತದಾರರ ಪಟ್ಟಿಯ ಪ್ರತಿ ಇಟ್ಟು, ಕನ್ನಡ ಓದುವ ಇಬ್ಬರು ಹುಡುಗಿಯರನ್ನು ಕೂರಿಸಿ. ಹುಡುಗಿಯರನ್ನೇ ಕೂರಿಸಿ, ಏಕೆಂದರೆ ಹೆಂಗಸರ ಹೆಸರು ಅವರಿಗೇ ಸರಿಯಾಗಿ ಗೊತ್ತು. ಹೊಸ ಹೆಸರಿಗೆ ನಮೂನೆ 6, ತಪ್ಪಿದ ಅಕ್ಷರಕ್ಕೂ ಮನೆ ಬದಲಾದದ್ದಕ್ಕೂ ನಮೂನೆ 8. 2002ರ ಪಟ್ಟಿಯಲ್ಲಿ ಅಪ್ಪ ಅಮ್ಮನ ಹೆಸರು ಎಲ್ಲಿದೆ, ಹೇಗೆ ಬರೆದಿದೆ ಎಂದು ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಕ್ಕದ ದಲಿತ ಕೇರಿಯವರಿಗೂ ಅದೇ ಮೇಜು ತೆರೆದಿರಲಿ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಹೋಯಿತಲ್ಲ, ಅದನ್ನು ಕೇಳುವ ಅರ್ಜಿಗೂ ಅದೇ ಮೇಜಿನಲ್ಲಿ ಸಹಿ ಹಾಕಿಸಿ. ಅಭ್ಯರ್ಥಿ ಬಂದಾಗ ಮೂಲೆಯ ಕೋಣೆಗೆ ಕರೆದೊಯ್ಯದೆ ಅಲ್ಲೇ ಮೇಜಿನ ಮುಂದೆ, ಎಲ್ಲರೆದುರು, ಕನ್ನಡದಲ್ಲಿ ಕೇಳಿ: ಉರ್ದು ಶಾಲೆಯ ಕನ್ನಡ ಮೇಷ್ಟ್ರು ಯಾವಾಗ ಬರುತ್ತಾರೆ, ಹೆಣ್ಣುಮಕ್ಕಳು ಪಿಯುಸಿಗೆ ಹೋಗಿ ಬರಲು ಬಸ್ಸು ಯಾವಾಗ, ಫ್ಲೋರೈಡಿಲ್ಲದ ನೀರು ಯಾವ ತಿಂಗಳು. ಉತ್ತರವನ್ನು ತಾರೀಖು ಹಾಕಿ ಬರೆದುಕೊಳ್ಳಿ. ಖಬರಸ್ತಾನದ ಗೋಡೆಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ಕಚೇರಿ ತೆರೆದಿರುವ ಯಾವ ದಿನವಾದರೂ ಹೋಗಿ.